ಮಫ್ಲರ್ ಟೀಮಿನ ಎಕ್ಸ್‌ಟ್ರಾ ಟೈಮ್

ಮನೆಯ ಕಬ್ಬಿಣದ ಗ್ರಿಲ್ ಬಾಗಿಲೇ ದೇಶದ ಗಡಿಯಾಗಿದ್ದ ಕಾಲವದು. ನನಗೆ ಹನ್ನೆರಡು ವರ್ಷ. ಮಲೇಷ್ಯಾದ ಸೈಬರ್‌ಜಯಾದಲ್ಲಿ ಒಂಬತ್ತನೇ ಮಹಡಿಯ ಫ್ಲ್ಯಾಟಿನಲ್ಲಿ ಅಪ್ಪ ಬೆಡ್‌ರೂಮನ್ನು ಆಫೀಸು ಮಾಡಿಕೊಂಡಿದ್ದರು, ಅಮ್ಮ ಊಟದ ಮೇಜನ್ನು. ನನಗೆ ಶಾಲೆಯೆಂದು ಸಿಕ್ಕಿದ್ದು ವಾಷಿಂಗ್ ಮಷಿನ್ ಪಕ್ಕದ ಮೂಲೆ. ಅದು ಗಿರಗಿರ ತಿರುಗುವಾಗ ನನ್ನ ಭೂಗೋಳವೂ ತಿರುಗುತ್ತಿತ್ತು.

ಆಗ ನನಗೆ ಬರುತ್ತಿದ್ದ ವಿದ್ಯೆ ಒಂದೇ, ಬೇರೆಯವರ ಹಾಗೆ ಮಾತಾಡುವುದು. ಅಮ್ಮ ಮೀಟಿಂಗಿನಲ್ಲಿ ಬಳಸುವ ಜೇನಿನಂಥ ದನಿ, ಮೀಟಿಂಗ್ ಮುಗಿದ ಮರುಕ್ಷಣ ನನ್ನ ಮೇಲೆ ಬಳಸುವ ಇನ್ನೊಂದು ದನಿ, ಗಣಿತದ ಟೀಚರ್ ಪ್ರತಿ ಲೆಕ್ಕದ ಬಾಲಕ್ಕೂ ಕಟ್ಟುತ್ತಿದ್ದ ಮಲೇಷ್ಯಾದ ‘ಲಾ’, ಎಲ್ಲವೂ ನನ್ನ ಬಳಿ ಇದ್ದವು. ಇರದಿದ್ದದ್ದು ನನ್ನದೇ ಎನ್ನುವ ಒಂದು ದನಿ. ಅದರ ಜಾಗದಲ್ಲಿ ಮೂಗಿನಿಂದ ಹೊರಡುವ ಪೀಪಿಯೊಂದಿತ್ತು, ಅಷ್ಟೆ. ಕನ್ನಡದ ಕಥೆಯೂ ಅದೇ. “ನಿನ್ನ ಕನ್ನಡ ಮಾಮಾಕ್ ಹೋಟೆಲಿಂದ ಟಪಾವ್ ಪಾರ್ಸೆಲ್ ಕಟ್ಟಿಸ್ಕೊಂಡು ಬಂದ ಹಾಗಿದೆ ಕಣೋ. ಎಲ್ಲಾ ಒಂದೇ ಪ್ಲಾಸ್ಟಿಕ್ ಕವರಲ್ಲಿ!” ಎನ್ನುತ್ತಿದ್ದಳು ಅಮ್ಮ.

ಎದುರು ಮನೆಯ ಇಮ್ತಿಯಾಜ್ ಅಂಕಲ್ ಹುಬ್ಬಳ್ಳಿಯವರು, ಕ್ಲಾಂಗ್ ಬಂದರಿನಲ್ಲಿ ಕ್ರೇನುಗಳ ಎಂಜಿನಿಯರ್. ಲಾಕ್‌ಡೌನ್ ಬಂದರೂ ಹಡಗು ಬರುವುದು ನಿಲ್ಲಲಿಲ್ಲವಾದ್ದರಿಂದ, ನಮ್ಮ ಮಹಡಿಯಲ್ಲಿ ಹೊರಗೆ ಹೋಗಲು ಅನುಮತಿ ಇದ್ದದ್ದು ಅವರೊಬ್ಬರಿಗೆ. ಹಿಂದೊಮ್ಮೆ ರಷ್ಯದ ಹಡಗಿನ ಅಡುಗೆಯವನೊಬ್ಬ ತನ್ನ ಊರಿನ ಫುಟ್‌ಬಾಲ್ ಕ್ಲಬ್ಬಿನ ಉಣ್ಣೆಯ ಮಫ್ಲರನ್ನು ಅವರ ಕೊರಳಿಗೆ ಹಾಕಿ ಹೋಗಿದ್ದನಂತೆ. ಸ್ನಾನ ಮಾಡಿ ಮೈ ಒರೆಸುವಷ್ಟರಲ್ಲಿ ಬೆವರುವ ಊರಿನಲ್ಲಿ ಉಣ್ಣೆಯ ಮಫ್ಲರ್! ಅಂಕಲ್ ಮಾತ್ರ ಅಂದಿನಿಂದ ಆ ತಂಡದ ಮನೆಯಳಿಯನಾಗಿಬಿಟ್ಟಿದ್ದರು.

ತಂಡ ಸೈಬೀರಿಯಾದ್ದು. ರಷ್ಯದ ವೃತ್ತಿಪರ ಲೀಗುಗಳಲ್ಲಿ ಮೂರನೆಯ ದರ್ಜೆ, ಅದರ ಕೆಳಗೆ ಇನ್ನು ಹವ್ಯಾಸಿಗಳ ಆಟವೇ. ನಮ್ಮವರು ಆ ಮೂರನೆಯ ದರ್ಜೆಯಲ್ಲೂ ಪಟ್ಟಿಯ ತಳ ಹಿಡಿದು ಕೂತಿದ್ದರು. ಊರಿನ ಹೆಸರು ನನ್ನ ನಾಲಗೆಗೆ ಹೊರಳದೆ ನಾನಿಟ್ಟ ಹೆಸರು ‘ಮಫ್ಲರ್ ಟೀಮ್’. ಅವರ ಗಡಿಯಾರಕ್ಕೂ ನಮ್ಮದಕ್ಕೂ ವ್ಯತ್ಯಾಸವೇ ಇರಲಿಲ್ಲ. ಅಲ್ಲಿ ಮಧ್ಯಾಹ್ನ ಮೂರಕ್ಕೆ ಆಟ ಶುರುವಾದರೆ ಇಲ್ಲಿಯೂ ಮೂರೇ.

ಆಟವಿದ್ದ ಶನಿವಾರ ಅಂಕಲ್ ತಮ್ಮ ಗ್ರಿಲ್ ಒಳಗೆ ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ಇಡುತ್ತಿದ್ದರು. ನಡುವೆ ಕಾರಿಡಾರ್. ಈಚೆ ಗ್ರಿಲ್‌ಗೆ ಮೂಗು ಒತ್ತಿಕೊಂಡು ನಾನು. ಅವರ ಹೆಂಡತಿ ಶಾಹೀನ್ ಆಂಟಿ ಗಿರ್ಮಿಟ್ ಕಲಸಿ, ಡಬ್ಬಿಯನ್ನು ಕಾರಿಡಾರಿನ ನಡುವೆ ಇಟ್ಟು ಒಳಗೆ ಓಡುತ್ತಿದ್ದರು. ಮಂಡಕ್ಕಿ, ಹಸಿ ಈರುಳ್ಳಿ, ಸ್ಯಾನಿಟೈಸರ್, ಮೂರೂ ಬೆರೆತ ವಾಸನೆ ಈಗಲೂ ನನ್ನ ಪಾಲಿಗೆ ಫುಟ್‌ಬಾಲಿನ ವಾಸನೆ.

ಆ ಆಟಕ್ಕೆ ಇದ್ದದ್ದು ಒಂದೇ ಕ್ಯಾಮೆರಾ. ಕಾಮೆಂಟರಿ ಇಲ್ಲ, ಮೈಕಿನಲ್ಲಿ ಬರೀ ಗಾಳಿ. ಒಮ್ಮೆ ನಾಯಿಯೊಂದು ಮೈದಾನದುದ್ದ ಓಡಿತು. ನಮ್ಮ ಫಾರ್ವರ್ಡಿಗಿಂತ ಚೆನ್ನಾಗಿಯೇ ಓಡಿತು. “ಲೇ ಮಂಗ್ಯಾ, ಸುಮ್ನ ಯಾಕ ಕುಂತಿ? ಕಾಮೆಂಟ್ರಿ ಹೇಳು,” ಎಂದರು ಅಂಕಲ್. ರಷ್ಯನ್ ಅಕ್ಷರ ಓದಲು ಬರದೆ ಆಟಗಾರರಿಗೆಲ್ಲ ನಾನೇ ನಾಮಕರಣ ಮಾಡಿದೆ. ಎಲ್ಲರಿಗೂ ಬಯ್ಯುವ ಗೋಲ್‌ಕೀಪರ್ ‘ಶಾಹೀನ್ ಆಂಟಿ’. ನಿಂತಲ್ಲೇ ನಿದ್ದೆ ಹೊಡೆಯುವ ಒಂಬತ್ತನೇ ನಂಬರ್ ‘ಸೆಕ್ಯುರಿಟಿ’. ಮೇಲೆ ಕೆಳಗೆ ಓಡಾಡುತ್ತಲೇ ಇದ್ದು, ಬೇಕಾದಾಗ ಮಾತ್ರ ಬಾರದ ಏಳನೇ ನಂಬರ್ ‘ಲಿಫ್ಟ್’.

ಎರಡನೆಯ ವರ್ಷ ರೋಗ ನಮ್ಮ ಕಡೆ ಜೋರಾಗಿತ್ತು. ಒಂದು ಶನಿವಾರ ಅಂಕಲ್ ಎರಡು ಸಲ ಕೆಮ್ಮಿದರು. ಮೂರನೆಯದನ್ನು ನಾನು ಕೆಮ್ಮಿದೆ, ಥೇಟ್ ಅವರ ಹಾಗೆ, ಕೊನೆಯಲ್ಲಿ ಗಂಟಲು ಕೆರೆದು. ಆಂಟಿ ನಕ್ಕರು. ಎಲ್ಲರಿಗಿಂತ ಹೆಚ್ಚು ನಕ್ಕವರು ಅಂಕಲ್, ನಗುತ್ತಲೇ ಮತ್ತೆ ಕೆಮ್ಮಿದರು. ಮಂಗಳವಾರ ಮೈತುಂಬ ಬಿಳಿ ಕವಚ ಹಾಕಿಕೊಂಡವರು ಬಂದು ಅವರನ್ನು ಆಸ್ಪತ್ರೆಗೆ ಕರೆದೊಯ್ದರು.

ಆ ರೋಗವನ್ನು ನಾನೇ ಅಣಕಿಸಿ ಕರೆದೆನೆಂದು ನನಗನ್ನಿಸಿತು. ನಾಲ್ಕು ದಿನ ಯಾರ ದನಿಯನ್ನೂ ತೆಗೆಯಲಿಲ್ಲ. ಅಮ್ಮ ಹಣೆ ಮುಟ್ಟಿ ಜ್ವರ ನೋಡಿದಳು.

ಶನಿವಾರ ಮಧ್ಯಾಹ್ನ ಶಾಹೀನ್ ಆಂಟಿ ತಮ್ಮ ಗ್ರಿಲ್ ಬಡಿದರು. ಅವರೂ ಹೊರಗೆ ಕಾಲಿಡುವಂತಿರಲಿಲ್ಲ. “ಬೇಟಾ, ಉಸಿರು ಸಾಲವಲ್ದು ಅಂತ ಬೋರಲ ಮಲಗಿಸ್ಯಾರ. ಹತ್ತು ನಿಮಿಷಕ್ಕ ಹೊರಳಿಬಿಡ್ತಾರಂತ ನಿಮ್ಮ ಅಂಕಲ್. ಹಿಂಗಾದ್ರ ಗಂಟಲಾಗ ಪೈಪ್ ಹಾಕಿ ಮಷಿನ್‌ಗೆ ಹಚ್ತೀವಿ ಅಂದಾರ ಡಾಕ್ಟರ್.” ಆಂಟಿ ಗ್ರಿಲ್‌ಗೆ ಇನ್ನಷ್ಟು ಹತ್ತಿರ ಬಂದರು. “ಮ್ಯಾಚ್ ಅಂದ್ರ ಅವರು ಮಿಸುಕಾಡಂಗಿಲ್ಲ, ನಿನಗ ಗೊತ್ತೈತಲ್ಲ. ಬೋರಲ ಮಲಗಿದವರಿಗೆ ಸ್ಕ್ರೀನ್ ಕಾಣಂಗಿಲ್ಲಪಾ. ಫೋನಿನಾಗ ನೀ ಹೇಳ್ತಿ ಏನು?”

“ನಾನು ಬಿಟ್ಬಿಟ್ಟೆ ಆಂಟಿ. ಇನ್ಮೇಲೆ ಯಾರ ಮಿಮಿಕ್ರಿನೂ ಮಾಡಲ್ಲ.”

“ಅವರು ಬಿಟ್ಟಿಲ್ಲಪಾ. ಆಂಬುಲೆನ್ಸಿನಿಂದ ಫೋನ್ ಮಾಡಿದಾಗೂ ‘ಮಂಗ್ಯಾ ನನ್ನ ಕೆಮ್ಮು ಛಲೋ ಮಾಡ್ದ’ ಅಂತ ನಗಾಕತ್ತಿದ್ರು.”

ಅಮ್ಮ ತನ್ನ ಮೀಟಿಂಗ್ ನಿಲ್ಲಿಸಿ, ಲ್ಯಾಪ್‌ಟಾಪನ್ನು ನನ್ನ ಮುಂದಕ್ಕೆ ತಳ್ಳಿದಳು.

ನರ್ಸ್ ಒಬ್ಬರು ಅಂಕಲ್ ಕಿವಿಯ ಬಳಿ ಫೋನ್ ಇಟ್ಟರು. ಆ ಕಡೆ ಆಕ್ಸಿಜನ್ನಿನ ಸುಯ್ ಸುಯ್ ಬಿಟ್ಟರೆ ಬೇರೇನೂ ಕೇಳಿಸುತ್ತಿರಲಿಲ್ಲ. ನಾನು ಶುರು ಮಾಡಿದೆ. ಶಾಹೀನ್ ಆಂಟಿ ಬೈದರು, ಸೆಕ್ಯುರಿಟಿ ಮಲಗಿದ, ಲಿಫ್ಟ್ ಎಲ್ಲೋ ಸಿಕ್ಕಿಹಾಕಿಕೊಂಡ. ಅರ್ಧ ಆಟಕ್ಕೆ ಎದುರಾಳಿ ಒಂದು ಗೋಲು ಹೊಡೆದ, ಆಮೇಲೆ ಇನ್ನೊಂದು. ಎರಡನ್ನೂ ಇದ್ದದ್ದು ಇದ್ದ ಹಾಗೆ ಹೇಳಿದೆ. ಮಫ್ಲರ್ ಟೀಮ್ ಸೋಲುವುದರಲ್ಲಿ ಅಂಕಲ್‌ಗೆ ಹೊಸದೇನಿತ್ತು?

ರೆಫರಿ ಸೀಟಿ ಊದಲು ಎರಡು ನಿಮಿಷವಿದ್ದಾಗ ನರ್ಸಿನ ದನಿ ಬಂತು. “ಜಾಂಗನ್ ಸ್ಟಾಪ್ ಲಾ, ಬಾಯ್!” ನಿಲ್ಲಿಸಬೇಡ ಎಂದು. ಆಕ್ಸಿಜನ್ ನಂಬರು ಏರುತ್ತಿದೆ, ಇನ್ನೂ ಒಂದು ತಾಸು ಹೀಗೇ ಮಲಗಿರಲಿ ಎಂದರು.

ಸ್ಕ್ರೀನಿನಲ್ಲಿ ರೆಫರಿ ಸೀಟಿ ಊದಿದ. ಆಟಗಾರರು ಅಂಗಿ ಕಳಚುತ್ತಾ ಒಳಗೆ ಹೋದರು. ನಾನು ಲ್ಯಾಪ್‌ಟಾಪ್ ಮುಚ್ಚಿದೆ.

“ಅರೇ! ಸೆಕ್ಯುರಿಟಿ ಎಚ್ಚರ ಆದ!” ಎಂದು ಕಿರುಚಿದೆ. “ಗೋಲ್!”

ಮರುನಿಮಿಷವೇ ಲಿಫ್ಟ್ ಒಂಬತ್ತನೇ ಮಹಡಿಗೆ ಬಂದು ಬಾಗಿಲು ತೆರೆದ, ಎರಡು-ಎರಡು. ಆಮೇಲೆ ಎಕ್ಸ್‌ಟ್ರಾ ಟೈಮ್. ಗಣಿತದ ಟೀಚರ್ ರೆಫರಿಯಾಗಿ ಬಂದು ‘ಆಫ್‌ಸೈಡ್ ಲಾ’ ಎಂದರು. ನಾಯಿ ಮತ್ತೆ ಓಡಿತು, ಈ ಸಲ ಪಾಸೂ ಕೊಟ್ಟಿತು. ಅದೂ ಮುಗಿದ ಮೇಲೆ ಪೆನಾಲ್ಟಿ ಶೂಟೌಟ್. ಪ್ರತಿಯೊಬ್ಬನೂ ಚೆಂಡಿನ ಮುಂದೆ ನಿಂತು ಶೂಲೇಸ್ ಕಟ್ಟಿದ, ಮೂಗು ಒರೆಸಿದ, ಮನೆಯವರನ್ನು ನೆನೆದ. ಹದಿನಾರನೆಯ ಪೆನಾಲ್ಟಿಗೆ ನನ್ನ ಪೀಪಿ ಕೆಟ್ಟು ಬರೀ ಗಾಳಿ ಬರತೊಡಗಿತು. ಅಮ್ಮ ಬಿಸಿನೀರು ಹಿಡಿದು ಪಕ್ಕದಲ್ಲೇ ಕೂತಿದ್ದಳು. ಕೊನೆಗೂ ನರ್ಸ್ “ಬೋಲೆ, ಬೋಲೆ”, ಆಯಿತು, ಇನ್ನು ಸಾಕು ಎಂದಾಗ ಶಾಹೀನ್ ಆಂಟಿ ಎಡಕ್ಕೆ ಹಾರಿ ಚೆಂಡು ಹಿಡಿದರು. ಮಫ್ಲರ್ ಟೀಮ್ ಗೆದ್ದಿತು.

ಅಂಕಲ್ ಒಂದು ಸಲವೂ ಹೊರಳಿರಲಿಲ್ಲ.

ಮರುದಿನದಿಂದ ಹಳೆಯ ಆಟಗಳನ್ನು ಹಾಕಿಕೊಂಡು ಹೇಳಿದೆ. ಒಂದು ವಾರವಾಗುವಷ್ಟರಲ್ಲಿ ವಿಡಿಯೊ ಕೂಡ ಬೇಕಾಗಲಿಲ್ಲ. ಪೈಪೂ ಬೇಕಾಗಲಿಲ್ಲ. ಮೂರನೆಯ ವಾರ ಲಿಫ್ಟಿನಿಂದ ಅಂಕಲ್ ಹೊರಗೆ ಬಂದರು, ಅಂಗಿ ದೊಡ್ಡದಾಗಿ, ಮನುಷ್ಯ ಸಣ್ಣವನಾಗಿ. ಗೋಡೆ ಹಿಡಿದು ನನ್ನ ಗ್ರಿಲ್ ಎದುರು ನಿಂತರು.

“ಲೇ ಮಂಗ್ಯಾ, ಲೀಗ್ ಮ್ಯಾಚಿನಾಗ ಪೆನಾಲ್ಟಿ ಶೂಟೌಟ್ ಎಲ್ಲಿಂದ ಬಂತಲೇ? ಲೀಗಿನಾಗ ಎಕ್ಸ್‌ಟ್ರಾ ಟೈಮೇ ಇರಂಗಿಲ್ಲ.”

ನನಗೆ ಗೊತ್ತೇ ಇರಲಿಲ್ಲ. “ಸುಳ್ಳು ಅಂತ ಗೊತ್ತಾಗಿದ್ರೂ ಯಾಕೆ ಕೇಳ್ತಾ ಮಲಗಿದ್ರಿ ಅಂಕಲ್?”

“ಸುಳ್ಳು ಅಂತ ಗೊತ್ತಿತ್ತು. ಯಾರು ಗೆಲ್ತಾರ ಅನ್ನೂದು ಗೊತ್ತಿರಲಿಲ್ಲಲ್ಲೋ!”

ಈಗ ಕಾರಿಡಾರಿನಲ್ಲಿ ಯಾರೂ ಡಬ್ಬಿ ಇಟ್ಟು ಓಡುವುದಿಲ್ಲ. ಗ್ರಿಲ್‌ಗಳು ತೆರೆದೇ ಇವೆ, ಎಲ್ಲರೂ ಅವಸರದಲ್ಲಿ ದಾಟಿ ಹೋಗುತ್ತಾರೆ. ನನ್ನ ಗಂಟಲು ಒಡೆದು ಎಮ್ಮೆಯ ದನಿ ಬಂದಿದೆ. ಅಮ್ಮನ ಜೇನು, ಆಂಟಿಯ ಬೈಗುಳ, ಯಾವುದೂ ಈಗ ಅದರಲ್ಲಿ ಕೂರುವುದಿಲ್ಲ. ಮಫ್ಲರ್ ಟೀಮಿಗೂ ಲೀಗಿನ ಖರ್ಚು ಹೊರುವವರು ಸಿಗಲಿಲ್ಲ. ವೃತ್ತಿಪರರ ಪಟ್ಟಿಯಿಂದ ಅದರ ಹೆಸರು ಹೋಯಿತು. ಅದರೊಂದಿಗೆ ಆ ಒಂದೇ ಕ್ಯಾಮೆರಾ ಕೂಡ ಹೋಯಿತು.

ಆದರೆ ಊರಿನ ಹುಡುಗರು ಅದೇ ಬಣ್ಣದ ಅಂಗಿ ಹಾಕಿ ಜಿಲ್ಲೆಯ ಹವ್ಯಾಸಿ ಪಂದ್ಯಗಳಲ್ಲಿ ಆಡುತ್ತಿದ್ದಾರೆ. ಯಾರೋ ಒಬ್ಬ ತಂದೆ ಕಟ್ಟೆಯ ಮೇಲೆ ಕೂತು ಫೋನಿನಲ್ಲಿ ತೋರಿಸುತ್ತಾನೆ, ಕೈ ನಡುಗಿ ಅರ್ಧ ಆಕಾಶವೇ ಕಾಣುತ್ತದೆ. ಮೊನ್ನೆ ಶನಿವಾರ ಅದನ್ನು ಹುಡುಕಿ ಕೊಟ್ಟವರು ಅಂಕಲ್. ಕೊಟ್ಟು, ಸೋಫಾದ ಮೇಲೆ ಬೋರಲು ಮಲಗಿ ಕಣ್ಣು ಮುಚ್ಚಿದರು.

“ಅಂಕಲ್, ಈಗ ನೀವು ಎದ್ದು ಕೂತೇ ನೋಡಬಹುದಲ್ಲ?”

“ನೋಡೂದು ಏನೈತಿ ಅದ್ರಾಗ, ಬರೇ ಮೋಡ. ನೀ ಹೇಳು.”

ನಾನು ಎಮ್ಮೆಯ ದನಿಯಲ್ಲೇ ಶುರು ಮಾಡಿದೆ.