ಹೊಟ್ಟೆ ತುಂಬುವ ಮೊದಲಿನ ಶಬ್ದ

ಇಂಗ್ಲಿಷಿನ ದೊಡ್ಡ ಶಬ್ದಗಳನ್ನು ಕಲಿಸುವ ಪುಸ್ತಕಗಳ ಮೇಲೆ ನನ್ನ ತಕರಾರು ಹಳೆಯದು. ಅವುಗಳ ಉದಾಹರಣೆ ವಾಕ್ಯಗಳಲ್ಲಿ ಡ್ಯೂಕ್ ಇರುತ್ತಾನೆ, ಹಡಗಿನ ಕ್ಯಾಪ್ಟನ್ ಇರುತ್ತಾನೆ, ಯಾರೋ ಶ್ರೀಮಂತ ವಿಧವೆ ಇರುತ್ತಾಳೆ; ಕಬ್ಬು ಕಡಿಸುವವರು ಇರುವುದಿಲ್ಲ. ಕೊಲ್ಹಾಪುರದ ಹಳೆ ಪುಸ್ತಕದಂಗಡಿಯಲ್ಲಿ ನಾನು ಕೊಂಡದ್ದು ಅಂಥದೇ. ಮೇಲೆ ಶಬ್ದ, ಕೆಳಗೆ ವ್ಯಾಖ್ಯೆ, ಅದರ ಕೆಳಗೆ ವಾಕ್ಯ. ವ್ಯಾಖ್ಯೆಯೊಳಗೆ ಇನ್ನೊಂದು ಗೊತ್ತಿಲ್ಲದ ಶಬ್ದ. ಅದನ್ನು ಹುಡುಕಿಕೊಂಡು ಹೋದರೆ ಅಲ್ಲಿ ಮೊದಲಿನ ಶಬ್ದವೇ ಕಾಲು ಚಾಚಿ ಕೂತಿರುತ್ತಿತ್ತು. ಚರ್ಚಾಸ್ಪರ್ಧೆಯಲ್ಲಿ ಎದುರಾಳಿ ಹೀಗೆ ವಾದಿಸಿದ್ದರೆ ವೇದಿಕೆಯ ಮೇಲೇ ಹಿಡಿಯುತ್ತಿದ್ದೆ. ಪುಸ್ತಕವನ್ನು ಹಿಡಿಯುವುದು ಹೇಗೆ?

ಹಿಡಿಯುವ ಬದಲು ಬಾಯಿಪಾಠ ಮಾಡಿದೆ, ಏಕೆಂದರೆ ನನಗೆ ಒಂದು ಜಾಗ ಬೇಕಿತ್ತು. ಇಚಲಕರಂಜಿಯ ನಮ್ಮ ಕಾಲೇಜಿನ ಇಂಗ್ಲಿಷ್ ಚರ್ಚಾ ತಂಡದಲ್ಲಿ ಒಂದೇ ಜಾಗ ಖಾಲಿ ಇತ್ತು. ತಂಡ ಗಡಹಿಂಗ್ಲಜದ ಸ್ಪರ್ಧೆಗೆ ಹೋಗುವುದಿತ್ತು. ಮರಾಠಿ ಚರ್ಚೆಯಲ್ಲಿ ನಾನು ಗೆಲ್ಲುತ್ತಿದ್ದೆ. ಆದರೆ ಗೆದ್ದಾಗಲೆಲ್ಲ ‘ಇಂಗ್ಲಿಷ್‌ನ್ಯಾಗ ಆದ್ರ ನೋಡೂಣು’ ಅನ್ನುವವರು ಇದ್ದೇ ಇರುತ್ತಿದ್ದರು. ಈ ಸಲ ಅವರ ಬಾಯಿ ಮುಚ್ಚಿಸಬೇಕಿತ್ತು. ಆಯ್ಕೆಗೆ ನಾವಿಬ್ಬರೇ: ನಾನು, ಮತ್ತು ಕೊಲ್ಹಾಪುರದ ಇಂಗ್ಲಿಷ್ ಶಾಲೆಯಿಂದ ಬಂದ ಒಬ್ಬ ಹುಡುಗ. ನಿಯಮ ಸರಳ. ಒಂದು ಕಠಿಣ ಶಬ್ದ ಆರಿಸಿಕೊಂಡು ಬಂದು ವ್ಯಾಖ್ಯೆ ಹೇಳಬೇಕು, ವಾಕ್ಯ ಹೇಳಬೇಕು, ಬಂದ ಪ್ರಶ್ನೆಗೆ ಉತ್ತರಿಸಬೇಕು.

ನಾನು ಆರಿಸಿದ್ದು ‘ಅಬ್‌ಸ್ಟೀಮಿಯಸ್’. ಅರ್ಥ, ಊಟ ಪಾನಗಳಲ್ಲಿ ಮಿತಿ ಇಟ್ಟುಕೊಂಡವನು. ಪುಸ್ತಕದ ವಾಕ್ಯದಲ್ಲಿ ಒಬ್ಬ ಕರ್ನಲ್ ರಾತ್ರಿ ಊಟದ ಜತೆ ಒಂದೇ ಗ್ಲಾಸು ವೈನ್ ಕುಡಿದು ಎದ್ದುಬಿಡುತ್ತಿದ್ದ. ಗಡಿಯಂಚಿನ ದತ್ತವಾಡದ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಅಜ್ಜಿಗೆ ಅದನ್ನು ಕನ್ನಡದಲ್ಲಿ ಹೇಳಿದೆ.

“ಒಂದ ಗ್ಲಾಸ ಕುಡದಾನಿಲ್ಲೋ?” ಅಂದಳು ಅಜ್ಜಿ.

“ಒಂದ ಅಷ್ಟ, ಅಜ್ಜಿ.”

“ಮತ್ತ ಕುಡುಕನ ಆದ್ನಲ್ಲ. ಇಂಥಾಂವನ್ನ ಹೊಗಳಾಕ ಪುಸ್ತಕಾ ಬರದಾರ?”

ನಮ್ಮದು ಜೈನರ ಮನೆ. ಈರುಳ್ಳಿಯೇ ಒಳಗೆ ಬರದ ಕಡೆ ಕರ್ನಲ್ಲನಿಗೆ ಎಲ್ಲಿಯ ಮರ್ಯಾದೆ? ಅವನನ್ನು ಬಿಟ್ಟು ನಾನು ಅಜ್ಜಿಯನ್ನೇ ವಾಕ್ಯಕ್ಕೆ ತಂದೆ. ‘ನನ್ನ ಅಜ್ಜಿ ಅಬ್‌ಸ್ಟೀಮಿಯಸ್, ಹೊತ್ತು ಮುಳುಗಿದ ಮೇಲೆ ಒಂದು ಅಗುಳು ಮುಟ್ಟುವುದಿಲ್ಲ.’ ಮರುದಿನ ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಸರ್ ಮುಂದೆ ತಾಲೀಮಿಗೆಂದು ಹೇಳಿದೆ. ಅವರು ಗಡಹಿಂಗ್ಲಜದ ಕಡೆಯವರು. ಪಾಠ ಇಂಗ್ಲಿಷಿನಲ್ಲಿ, ಸಿಟ್ಟು ಮರಾಠಿಯಲ್ಲಿ, ಚೇಷ್ಟೆ ಕನ್ನಡದಲ್ಲಿ.

“ಹೊತ್ತ ಮುಳುಗೂದ್ರಾಗ ನಿಮ್ಮಜ್ಜಿ ಎಷ್ಟ ರೊಟ್ಟಿ ಹೊಡೀತಾರ?”

“ಅದ್ಯಾಕ್ರಿ ಸರ್?”

“ಹೇಳವಾ.”

ಹೊಟ್ಟೆ ತುಂಬ ಎಂದು ಒಪ್ಪಿಕೊಳ್ಳಬೇಕಾಯಿತು. ನಾನು ಬರುವ ಸಂಜೆಯ ಬಸ್ಸು ತಡವಾದರೆ ಅಜ್ಜಿ ಬಾಗಿಲಲ್ಲಿ ನಿಂತು ಸೂರ್ಯನನ್ನೂ ರಸ್ತೆಯನ್ನೂ ಒಟ್ಟಿಗೆ ಬೈಯುತ್ತಾಳೆ; ಆಮೇಲೆ ರಾತ್ರಿಯ ಹಸಿವನ್ನೂ ಸೇರಿಸಿ ಉಣ್ಣುತ್ತಾಳೆ.

“ಮಗ ತೋ ನಿಯಮ ಝಾಲಾ,” ಅಂದರು ಸರ್. ಅದು ನಿಯಮ ಆಯಿತು, ಮಿತಿ ಅಲ್ಲ. “ಯಾವಾಗ ಉಣಬೇಕು ಅನ್ನೂದು ಬ್ಯಾರೆ, ಎಷ್ಟು ಅನ್ನೂದು ಬ್ಯಾರೆ.”

ಸರ್ ಹೇಳಿದ್ದು ಸರಿಯಿತ್ತು. ಅದೇ ನನಗೆ ಉರಿ ಹತ್ತಿಸಿದ್ದು. ನಮ್ಮ ಮನೆಯಲ್ಲಿ ಸಂಯಮ ಎಂದರೆ ಮೊದಲು ಗಡಿಯಾರ ನೋಡುತ್ತೇವೆ. ಈ ತಪ್ಪು ಕರ್ನಲ್ಲನ ಮನೆಯವರಿಗೆ ಆಗಲಾರದು.

ಸಂಜೆ ಊಟಕ್ಕೆ ಕೂತಾಗ ಅಜ್ಜಿಗೆ ತೀರ್ಪು ಹೇಳಿದೆ. ಅವಳಿಗೆ ನಗು ಬಂತು. “ನನ್ಯಾಕ ಹಿಡದಿ? ನಿಮ್ಮವ್ವನ್ನ ನೋಡು. ಅಕೀದು ಊನೋದರ.”

ಊನೋದರ. ಬಸದಿಗೆ ಬಂದ ಮುನಿಗಳ ಪ್ರವಚನದಲ್ಲಿ ಕೇಳಿದ್ದೆ: ಹೊಟ್ಟೆ ತುಂಬುವುದಕ್ಕೆ ಇನ್ನೂ ಕೆಲವು ತುತ್ತು ಇರುವಾಗಲೇ, ತಾಟಿನಲ್ಲಿ ಅನ್ನ ಇದ್ದರೂ, ಬುಟ್ಟಿಯಲ್ಲಿ ರೊಟ್ಟಿ ಇದ್ದರೂ, ಸಾಕು ಎನ್ನುವ ವ್ರತ. ಎದುರಿಗೆ ಅವ್ವ ಕೈ ತೊಳೆಯಲು ಏಳುತ್ತಿದ್ದಳು. ಬುಟ್ಟಿಯಲ್ಲಿ ರೊಟ್ಟಿ ಇತ್ತು. ಇಷ್ಟು ವರ್ಷ ನಾನು ಅವಳಿಗೆ ಹಸಿವೇ ಕಡಿಮೆ ಎಂದುಕೊಂಡಿದ್ದೆ.

“ಅವ್ವಾ, ಖರೇನ ನಿನಗ ಹಸಿವಿ ಇರತೈತಿ?”

“ಇರದಂಗ ಹೆಂಗಾಕ್ಕೈತಿ?” ಅಂದಳು ಅವ್ವ. “ಅದನ್ನೇನ ಭಾಷಣದಾಗ ಹೇಳತಿ, ಸುಮ್ಮ ಉಣ್ಣು.”

ಭಾಷಣದಲ್ಲೇ ಹೇಳಿದೆ. ಆಯ್ಕೆಯ ದಿನ ಕೋಣೆಯ ಕಿಟಕಿಯಾಚೆ ಮಗ್ಗಗಳು ಖಟಖಟ ಎನ್ನುತ್ತಿದ್ದವು. ಒಳಗೆ ಸರ್, ಅವರ ಪಕ್ಕ ಬೇರೆ ಕಾಲೇಜಿನಿಂದ ಕರೆಸಿದ್ದ ಪರೀಕ್ಷಕಿ ಮೇಡಂ. ಮೊದಲು ಆ ಹುಡುಗ ಉದಾರಬುದ್ಧಿಯ ಡ್ಯೂಕನೊಬ್ಬನ ವಾಕ್ಯ ಹೇಳಿದ. ಪುಸ್ತಕದ್ದೇ, ಪ್ರತಿ ಅಕ್ಷರ. ಯಾವ ಡ್ಯೂಕ್, ಏನು ಉಪಕಾರ ಮಾಡಿದ ಎಂದು ಯಾರೂ ಕೇಳಲಿಲ್ಲ. ನನ್ನ ಸರದಿ ಬಂತು. ‘ನನ್ನ ತಾಯಿ ಅಬ್‌ಸ್ಟೀಮಿಯಸ್, ಹೊಟ್ಟೆ ತುಂಬುವ ಮೊದಲೇ ತಾಟು ಬಿಟ್ಟು ಏಳುತ್ತಾಳೆ.’

ಮೇಡಂ ಪೆನ್ನು ಕೆಳಗಿಟ್ಟರು. ಮರಾಠಿಯಲ್ಲಿ, ಬಹಳ ಮೃದುವಾಗಿ ಕೇಳಿದರು: “ಘರಾತ ಜೇವಣ ಕಮೀ ಪಡತಂ ಕಾ, ಬಾಳಾ?” ಮನೆಯಲ್ಲಿ ಊಟ ಸಾಲುವುದಿಲ್ಲವೇ, ಮಗೂ?

ಆ ಮೃದು ಮಾತಿಗೆ ನನ್ನ ಕಿವಿ ಬಿಸಿಯಾಯಿತು. ಇಲ್ಲ ಎಂದೆ. ಊನೋದರ ಎಂದರೇನು ಎಂದು ಹೇಳಿದೆ. ಕರ್ನಲ್ ಎದ್ದರೆ ಅದು ಸಂಯಮ, ನನ್ನ ತಾಯಿ ಎದ್ದರೆ ಅದು ಬಡತನ ಯಾಕೆ ಎಂದು ಕೇಳಿದೆ. ಕರ್ನಲ್ಲನ ವೈನ್ ಬಾಟಲಿ ಖಾಲಿಯಾಗಿತ್ತೇ ಎಂದು ಯಾರಾದರೂ ವಿಚಾರಿಸಿದ್ದಾರೆಯೇ ಎಂದೂ ಕೇಳಿದೆ. ಇಂಗ್ಲಿಷಿನಲ್ಲಿ ಶುರುವಾದದ್ದು ಯಾವಾಗ ಮರಾಠಿಗೆ ಜಾರಿತೋ ತಿಳಿಯಲಿಲ್ಲ. ಸಮಯ ಮುಗಿದ ಗಂಟೆ ಬಾರಿಸಿತು.

ಜಾಗ ಹುಡುಗನಿಗೆ ಹೋಯಿತು.

ಹೊರಗೆ ಸರ್ ಕನ್ನಡದಲ್ಲಿ ಅಂದರು, ಈ ಸಲ ಚೇಷ್ಟೆ ಇಲ್ಲದೆ: “ವಾದ ನಿಂದ ಖರೆ ಇತ್ತವಾ. ಆದ್ರ ತಿಳಿಸಿ ಹೇಳಬೇಕಾದ ವಾಕ್ಯ ಉದಾಹರಣಿ ಹೆಂಗ ಆದೀತು?”

“ಕರ್ನಲ್ಲನ್ನ ನನಗ್ಯಾರ ತಿಳಿಸಿ ಹೇಳಿದ್ರರಿ, ಸರ್?”

ಅವರು ಹಾಜರಿ ಪುಸ್ತಕ ಕಂಕುಳಿಗೆ ಸೇರಿಸಿ ಸ್ಟಾಫ್ ರೂಮಿನತ್ತ ನಡೆದರು. ಉತ್ತರ ಬರದಿದ್ದರೆ ಚರ್ಚೆಯಲ್ಲಿ ಅದು ಗೆಲುವು. ಇಲ್ಲಿ ಅದರಿಂದ ಗಡಹಿಂಗ್ಲಜದ ಬಸ್ಸಿನಲ್ಲಿ ಸೀಟು ಸಿಗುವುದಿಲ್ಲ.

ಮನೆ ಮುಟ್ಟುವಾಗ ಸೂರ್ಯ ಕಬ್ಬಿನ ಗರಿಗಳ ಮೇಲಿದ್ದ. “ಲಗೂನ ಬಾ, ಹೊತ್ತ ಹೊಂಟೈತಿ,” ಅಂದಳು ಅಜ್ಜಿ. ಏನಾಯಿತು ಎಂದು ನನ್ನ ಮುಖ ನೋಡಿಯೇ ಇಬ್ಬರಿಗೂ ತಿಳಿಯಿತು. ಅವ್ವ ಎಂದಿನಂತೆ ಹೊಟ್ಟೆ ತುಂಬುವ ಮೊದಲೇ ಎದ್ದಳು. ನಾನು ಅವಳನ್ನೇ ನೋಡುತ್ತ, ಹೊಟ್ಟೆ ತುಂಬಿದ ಮೇಲೂ, ಇಲ್ಲಿ ಊಟ ಕಮ್ಮಿ ಬಿದ್ದಿಲ್ಲ ಎಂದು ಮೇಡಂಗೆ ತೋರಿಸುವವಳಂತೆ, ಬುಟ್ಟಿಯತ್ತ ತಾಟು ಚಾಚಿ ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.