ಡೈನೋಸಾರ್‌ಗೆ ಬಂದ ಜ್ವರ

ನನ್ನ ಮಗಳಿಗೆ ಯಾವುದು ಒಳ್ಳೆಯದು, ಯಾವುದು ಆಗದು ಎಂದು ನನ್ನನ್ನು ಯಾರೂ ಕೇಳುತ್ತಿರಲಿಲ್ಲ. ಅವಳು ಏನು ತಿನ್ನಬೇಕು, ಯಾವಾಗ ಮಲಗಬೇಕು, ಕೆಮ್ಮಿದರೆ ಏನು ಕುಡಿಸಬೇಕು, ಎಲ್ಲವೂ ಗೋಡೆಯಾಚೆ ನನ್ನ ವಾರಗಿತ್ತಿಯ ಮನೆಯಲ್ಲಿ ತೀರ್ಮಾನವಾಗುತ್ತಿತ್ತು. ಆಕೆ ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅಕ್ಕ ಎನ್ನುತ್ತೇನೆ, ಮಗಳು ದೊಡ್ಡವ್ವ ಎನ್ನುತ್ತಾಳೆ. ನಾನು ಬೆಳಗ್ಗೆಯೇ ಹೊಂಗನೂರಿನಲ್ಲಿ ಬಸ್ಸು ಹತ್ತಿ ಚನ್ನಪಟ್ಟಣದ ಶಾಲೆಗೆ ಪಾಠ ಮಾಡಲು ಹೋಗುವವಳು. ಸಂಜೆ ಬರುವಷ್ಟರಲ್ಲಿ ಮಗಳ ಮುಖ ತೊಳೆದಾಗಿರುತ್ತದೆ, ತಲೆ ಬಾಚಿಯಾಗಿರುತ್ತದೆ, ಹೊಟ್ಟೆಯೂ ತುಂಬಿರುತ್ತದೆ. ಇದಕ್ಕೆ ಋಣಿಯಾಗಿರಬೇಕು ಎಂದು ನನಗೂ ಗೊತ್ತು. ಆದರೆ ನನಗಾಗುತ್ತಿದ್ದದ್ದು ಹೊಟ್ಟೆಯುರಿ.

ಹಾಗಿರುವಾಗ ಒಂದು ಭಾನುವಾರ ಅಕ್ಕ ಮೊಬೈಲು ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದರು.

“ಕೂಸು ಡೈನೋಸಾರು ಡೈನೋಸಾರು ಅಂತ ಪ್ರಾಣ ತಿಂತೈತೆ ಕಣವ್ವ. ಇದ್ರಲ್ಲಿ ಡಾಕ್ಯುಮೆಂಟ್ರಿ ಅಂತ ಒಂದೈತೆ. ನಂಗೆ ಗೊತ್ತಾಗಕಿಲ್ಲ. ನೀನು ಟೀಚರು, ಒಸಿ ನೋಡ್ಬುಟ್ಟು ಹೇಳು, ಅದಕ್ಕೆ ತೋರಿಸ್ಬೋದಾ ಬ್ಯಾಡ್ವಾ ಅಂತ.”

ಕೊನೆಗೂ ಒಂದು ವಿಷಯದಲ್ಲಿ ನನ್ನ ಮಾತು ನಡೆಯುವುದಿತ್ತು. ಮಧ್ಯಾಹ್ನ ಊಟವಾದ ಮೇಲೆ ಒಬ್ಬಳೇ ಕೂತು ಇಡೀ ಚಿತ್ರ ನೋಡಿದೆ. ನನ್ನ ತರಗತಿಯ ಮಕ್ಕಳಿಗಾಗಿದ್ದರೆ ಹೆಸರು ನೋಡಿಯೇ ಹಾಕಿಬಿಡುತ್ತಿದ್ದೆ. ಈಗ ಮಾತ್ರ ತಪ್ಪು ಹುಡುಕುವ ಅತ್ತೆಯ ಹಾಗೆ ಕೂತಿದ್ದೆ. ಬೇಡ ಎನ್ನಲು ನನಗೊಂದು ಕಾರಣ ಬೇಕಿತ್ತು, ಅಷ್ಟೇ. ದೊಡ್ಡವ್ವ ತೋರಿಸುತ್ತೇನೆಂದಳು, ಅಮ್ಮ ಬೇಡವೆಂದಳು; ಯಾರ ಮಾತು ನಡೆಯಿತು ಎಂದು ಮಗಳಿಗೂ ಒಮ್ಮೆ ತಿಳಿಯಲಿ ಎನ್ನಿಸಿತ್ತು.

ಕಾರಣಗಳಿಗೇನೂ ಕೊರತೆ ಇರಲಿಲ್ಲ. ದೊಡ್ಡ ಹಲ್ಲಿನದೊಂದು ಬಂದು ಸೊಪ್ಪು ಮೇಯುತ್ತಿದ್ದ ಸಾಧು ಪ್ರಾಣಿಯ ಕತ್ತು ಹಿಡಿಯಿತು. ಇನ್ನೊಂದು ಸಣ್ಣದು ಮೊಟ್ಟೆ ಕದ್ದು ತಿಂದಿತು. ಒಂದು ತಾಯಿಯಂತೂ ಮರಿಯನ್ನು ಬಿಟ್ಟು ಮೇಯಲು ದೂರ ಹೋಯಿತು; ಅದು ಬರುವಷ್ಟರಲ್ಲಿ ಮರಿ ಬೇರೆ ಹಿಂಡಿನ ಜೊತೆ ಸೇರಿಕೊಂಡಿತ್ತು. ಅಲ್ಲಿ ನಿಲ್ಲಿಸಿ ಎದ್ದು ಹೋಗಿ ನೀರು ಕುಡಿದು ಬಂದೆ.

ಆಮೇಲೆ ಬೇರೆಯದೇ ಯೋಚನೆ ಹೊಳೆಯಿತು. ಇವಳು ಹೆದರಿದರೆ? ಹೆದರಿದ ಮಗು ಪಕ್ಕದಲ್ಲಿರುವ ತಾಯಿಯ ತೊಡೆಯನ್ನಲ್ಲದೆ ಇನ್ನೇನನ್ನು ಹತ್ತುತ್ತದೆ? ಆ ಹಲ್ಲಿನ ಪ್ರಾಣಿ ತಟ್ಟನೆ ನನಗೆ ಬೇಕಾದ ನೆಂಟನ ಹಾಗೆ ಕಂಡಿತು. ನಾಚಿಕೆಯೇನೂ ಆಗಲಿಲ್ಲ.

ಗೋಡೆಯ ಹತ್ತಿರ ನಿಂತು ಕೂಗಿ ಹೇಳಿದೆ: “ಅಕ್ಕ, ನೋಡ್ಬೋದು. ಆದ್ರೆ ನಮ್ಮನೆ ಟಿ.ವಿ.ಯಲ್ಲೇ, ನನ್ನ ಪಕ್ಕದಲ್ಲೇ ಕೂತು ನೋಡ್ಬೇಕು.”

ಸಂಜೆ ಚಾಪೆ ಹಾಸಿದೆ. ಮಗಳು ಬಂದವಳೇ, “ದೊಡ್ಡವ್ವನೂ ಬರ್ಲಿ” ಎಂದಳು. ಅಕ್ಕ ಹುರಿದ ಕಡಲೆಕಾಯಿಯ ತಟ್ಟೆ ಹಿಡಿದು ಬಂದು ಅವಳ ಆ ಪಕ್ಕ ಕೂತರು. ನಾನು ಈ ಪಕ್ಕ.

ಹಲ್ಲಿನದು ಬರುವ ಹೊತ್ತಾಯಿತೆಂದು ನಾನು ಮೊದಲೇ ಚಕ್ಕಳಮಕ್ಕಳ ಹಾಕಿ ತೊಡೆ ಖಾಲಿ ಮಾಡಿಕೊಂಡು ಕೂತೆ. ಅದು ಬಂತು, ಕತ್ತು ಹಿಡಿಯಿತು, ರಕ್ತ ಸುರಿಯಿತು. ನನ್ನ ಮಗಳು ಕಡಲೆಕಾಯಿ ಸುಲಿಯುತ್ತಾ, “ಅದಕ್ಕೆ ಹೊಟ್ಟೆ ಹಸಿದೈತೆ” ಎಂದಳು. ಮೊಟ್ಟೆ ಕದ್ದದ್ದಕ್ಕೂ ಅವಳು ಅಲುಗಲಿಲ್ಲ. “ನಮ್ಮ ಕೋಳಿ ಮೊಟ್ಟೆನೂ ಹಾವು ತಿಂದಿತ್ತು ಅಲ್ವಾ ದೊಡ್ಡವ್ವ?” ಎಂದಳಷ್ಟೇ. ಆ ಹಾವಿನ ವಿಷಯ ನನಗೆ ಗೊತ್ತೇ ಇರಲಿಲ್ಲ. ಯಾರೂ ನನಗೆ ಹೇಳಿರಲಿಲ್ಲ.

ಕೊನೆಗೆ ಆಕಾಶದಿಂದ ಬೆಂಕಿ ಬಿತ್ತು, ಬೂದಿ ಮುಚ್ಚಿತು. ಅಷ್ಟು ದೊಡ್ಡ ಪ್ರಾಣಿಗಳು ಒಂದೊಂದಾಗಿ ಬಿದ್ದುಕೊಂಡವು. ಮಗಳ ಕೈ ತಟ್ಟೆಯಲ್ಲೇ ನಿಂತಿತು.

“ಜ್ವರ ಬಂದೈತಾ ದೊಡ್ಡವ್ವ?”

ಅಕ್ಕನದು ರೇಷ್ಮೆ ಹುಳ ಸಾಕುವ ಮನೆ. ಅಲ್ಲಿ ಜ್ವರ ಎಂದರೆ ಕಾಯಿಲೆಯಲ್ಲ. ಹುಳ ಪೊರೆ ಬಿಡುವ ಮೊದಲು ಸೊಪ್ಪು ಮುಟ್ಟದೆ, ಅಲ್ಲಾಡದೆ ಸುಮ್ಮನಾಗುತ್ತದೆ. ಅದಕ್ಕೆ ಹುಳ ಜ್ವರಕ್ಕೆ ಕೂತಿದೆ ಎನ್ನುತ್ತಾರೆ. ಪೊರೆ ಬಿಟ್ಟು ಎದ್ದು ಮೊದಲಿಗಿಂತ ಹೆಚ್ಚು ಮೇಯುತ್ತದೆ. ಅಕ್ಕನ ಹುಳದ ಮನೆಯಲ್ಲೇ ಬೆಳೆದ ನನ್ನ ಮಗಳಿಗೆ, ಬಿದ್ದುಕೊಂಡದ್ದು ಏಳುತ್ತದೆ ಎಂದಷ್ಟೇ ಗೊತ್ತಿತ್ತು. ಸಾವಿನ ಮಾತೇ ಬಾರದ ಹಾಗೆ ಅಕ್ಕ ಅವಳನ್ನು ಸಾಕಿದ್ದರು. ನಾನು ಕತ್ತು, ರಕ್ತ, ಮೊಟ್ಟೆ ಎಲ್ಲವನ್ನೂ ತೂಗಿ ನೋಡಿದ್ದೆ, ಇದೊಂದು ನನ್ನ ತಲೆಗೇ ಬಂದಿರಲಿಲ್ಲ.

ಅಕ್ಕನ ಮುಖ ಬಾಡಿತು. “ನೀನೇ ಹೇಳವ್ವ” ಎಂದು ನನ್ನ ಕಡೆ ನೋಡಿದರು. ಆಕೆಗೆ ಬಾರದ ಉತ್ತರ ನನಗೆ ಬರುತ್ತಿತ್ತು. ಆ ಖುಷಿಯಲ್ಲಿ ಸ್ವಲ್ಪ ಬೇಗನೆ ಹೇಳಿಬಿಟ್ಟೆ.

“ಜ್ವರ ಅಲ್ಲ ಪುಟ್ಟ. ಅವು ಸತ್ತೋದ್ವು. ಇನ್ನು ಏಳೋದಿಲ್ಲ.”

“ಸುಳ್ಳು!” ಎಂದು ನನ್ನನ್ನು ದುರುಗುಟ್ಟಿ ನೋಡಿ ಆ ಕಡೆ ತಿರುಗಿದಳು. “ದೊಡ್ಡವ್ವ, ಏಳ್ತವೆ ಅಲ್ವಾ?”

ಅಕ್ಕ ಹೂಂ ಎನ್ನಲಿ ಎಂದು ನಾನು ಕಾದೆ. ಹೂಂ ಎಂದಿದ್ದರೆ ಆಕೆ ಸುಳ್ಳು ಹೇಳಿದ ಹಾಗಾಗುತ್ತಿತ್ತು. ಆಕೆ ಅಷ್ಟೂ ಉಪಕಾರ ಮಾಡಲಿಲ್ಲ.

“ಅಮ್ಮ ಹೇಳಿದ್ದೇ ದಿಟ ಕಣವ್ವ. ಏಳಕಿಲ್ಲ.”

ಆಗ ನಂಬಿದಳು. ನನ್ನ ಮಾತು ನಂಬಲು ನನ್ನ ಮಗಳಿಗೆ ಆಕೆಯ ಒಪ್ಪಿಗೆ ಬೇಕಾಯಿತು. ಅಳುತ್ತಾ ಅಕ್ಕನ ಸೆರಗಿನೊಳಗೆ ಮುಖ ಹುದುಗಿಸಿದಳು. ನಾನು ಖಾಲಿ ಮಾಡಿಕೊಂಡ ತೊಡೆ ಹಾಗೇ ಇತ್ತು.

“ನಮ್ಮ ಹುಳ ಏಳ್ತವಾ?” ಎಂದು ಬಿಕ್ಕುತ್ತಾ ಕೇಳಿದಳು.

“ಬಾ, ನೋಡ್ಕಂಡು ಬರವಾ” ಎಂದು ಅಕ್ಕ ಎತ್ತಿಕೊಂಡರು.

ಟಿ.ವಿ. ಆರಿಸಿ ನಾನೂ ಹಿಂದೆಯೇ ಹೋದೆ. ಈ ಹೊತ್ತಿನಲ್ಲಾದರೂ ನಾನು ಅವಳ ಪಕ್ಕದಲ್ಲಿರಬೇಕು ಎನ್ನಿಸಿತ್ತು. ಹುಳಕ್ಕೆ ಸೋಂಕು ತಗುಲದಿರಲೆಂದು ಹುಳದ ಮನೆಯ ಬಾಗಿಲಲ್ಲಿ ಇಬ್ಬರೂ ಕೈಕಾಲು ತೊಳೆದು ಒಳಗೆ ಹೋದರು. ನಾನು ಚೆಂಬಿಗೆ ಕೈ ಹಾಕಿದಾಗ ಮಗಳು ಒಳಗಿನಿಂದಲೇ ಅಂಗೈ ಅಡ್ಡ ಹಿಡಿದಳು. ಕಣ್ಣಲ್ಲಿ ಇನ್ನೂ ನೀರಿತ್ತು. ಅಕ್ಕ ದಿನವೂ ಬಂದುಹೋಗುವವರಿಗೆ ಹೇಳುವ ಮಾತನ್ನೇ, ಅದೇ ದನಿಯಲ್ಲಿ, ಒಂದಿಷ್ಟೂ ಕೋಪವಿಲ್ಲದೆ ಹೇಳಿದಳು.

“ಅಮ್ಮ, ನೀನು ಬರ್ಬ್ಯಾಡ. ಹೊರಗಿನೋರು ಬಂದ್ರೆ ಹುಳಕ್ಕೆ ಆಗಕಿಲ್ಲ.”