ಗೌನು ತೊಟ್ಟವಳು ಹಾಡಲಿಲ್ಲ

ಹರಿಹರದ ನಮ್ಮ ಹೆಣ್ಣುಮಕ್ಕಳ ಶಾಲೆಯ ನಾಟಕದಲ್ಲಿ ಅಂದು ಹಾಡಿದ್ದು ನಾನಲ್ಲ. ನಾನು ಬಾಯಿ ಆಡಿಸಿದೆ, ಅಷ್ಟೇ. ಹಾಡಿದವಳು ಚೌಡಮ್ಮ. ಪಕ್ಕದ ಸಾರಥಿ ಹಳ್ಳಿಯಿಂದ ದಿನಾ ನಡೆದು ಬರುತ್ತಿದ್ದ ಕೂಲಿಯವರ ಮಗಳು, ತರಗತಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು. ಇದನ್ನು ಹತ್ತು ವರ್ಷ ಮುಚ್ಚಿಟ್ಟೆ. ಮುಚ್ಚಿಡುವುದಕ್ಕೆ ದೇವರ ಹೆಸರನ್ನೂ ಬಳಸಿಕೊಂಡೆ. ಅದನ್ನೂ ಬರೆಯಬೇಕು.

ಆ ನಾಟಕದಲ್ಲಿ ಮಾತೇ ಇರಲಿಲ್ಲ. ಮೊದಲಿಂದ ಕೊನೆಯವರೆಗೂ ಹಾಡೇ. ಇಂಗ್ಲಿಷರ ಕಾಲದಲ್ಲಿ ರೈಲ್ವೆ ದೊರೆಯೊಬ್ಬನ ಹೆಂಡತಿ ಕಲಿಸಿಹೋದದ್ದಂತೆ. ಒಪೆರಾ ಎನ್ನುತ್ತಿದ್ದರು ನಮ್ಮ ಹಾಡಿನ ಮೇಷ್ಟ್ರು. ದೊರೆಸಾನಿ ಹೋದಳು, ಅವಳ ರಾಜ್ಯವೂ ಹೋಯಿತು. ಹಾಡುಗಳು ಕನ್ನಡದವಾದವು, ರಾಗಗಳೂ ನಮ್ಮವಾದವು. ಅವಳ ಬಿಳಿ ರೇಷ್ಮೆಯ ಗೌನು ಮಾತ್ರ ಶಾಲೆಯ ಟ್ರಂಕಿನಲ್ಲಿ ಹಾಗೇ ಉಳಿದಿತ್ತು. ರಾಜಕುಮಾರಿಯಾದವಳು ಅದನ್ನೇ ತೊಡಬೇಕು. ತೊಡುವವಳು ಎಲ್ಲರಿಗಿಂತ ಬೆಳ್ಳಗಿರಬೇಕು. ದೊರೆಸಾನಿ ಹಾಗೆಂದು ಹೇಳಿದ್ದಳೇ? ಯಾರಿಗೂ ಗೊತ್ತಿಲ್ಲ; ಅವಳನ್ನು ಕಂಡವರೇ ಶಾಲೆಯಲ್ಲಿ ಇರಲಿಲ್ಲ. ಆದರೂ ವರ್ಷಾ ವರ್ಷಾ ಹೆಡ್‌ಮೇಡಂ ನಮ್ಮನ್ನು ಸಾಲಾಗಿ ನಿಲ್ಲಿಸಿ, ಗೌನಿನ ತೋಳನ್ನು ನಮ್ಮ ಮುಂಗೈ ಪಕ್ಕ ಹಿಡಿದು ಒಪ್ಪುತ್ತದೋ ಇಲ್ಲವೋ ನೋಡುತ್ತಿದ್ದರು. ಸ್ವಾತಂತ್ರ್ಯ ಬಂದು ಎಷ್ಟೋ ವರ್ಷವಾದ ಮೇಲೂ.

ಆ ವರ್ಷ ನನ್ನ ಕೈ ಒಪ್ಪಿತು. ನನಗೆ ಕಂಠವಿರಲಿಲ್ಲ. ಚೌಡಿಯ ಕೈಯ ಹತ್ತಿರ ಮೇಡಂ ನಿಲ್ಲಲೇ ಇಲ್ಲ, ಮುಂದೆ ಹೋದರು.

“ಹಾಡೋಕೆ ಚೌಡಿ ಅದಾಳೆ, ನಿಲ್ಲೋಕೆ ಶಾಂತಿ ಅದಾಳೆ. ಪರದೆ ಹಿಂದೆ ದನಿಗೆ ಯಾವ ಬಣ್ಣ!” ಎಂದು ಮೇಷ್ಟ್ರು ನಕ್ಕರು. ಚೌಡಿಯೂ ನಕ್ಕಳು. ಅವಳಿಗೆ ಹಾಡಿದರಾಯಿತು. “ಏ ಶಾಂತಿ, ಬಾಯಿ ಸರಿಯಾಗಿ ತೆಗಿಯೇ. ನಾನು ದನಿ ಎಳೀವಾಗ ನೀನು ಉಂಡಿ ನುಂಗ್ದಂಗೆ ಮುಚ್ಚಿಬಿಡ್ತೀ!” ಎಂದು ತಾಲೀಮಿನಲ್ಲಿ ಗೇಲಿ ಮಾಡುತ್ತಿದ್ದಳು.

ನಾಟಕದ ದಿನ, ಕೋಟೆಯ ಚಿತ್ರ ಬರೆದ ಪರದೆಯ ಹಿಂದೆ ಅವಳು ಹಾಡಿದಳು. ಮುಂದೆ ನಾನು. ಜನ ಅತ್ತರು. ಅವರು ನನ್ನ ಮುಖ ನೋಡಿಕೊಂಡು ಅತ್ತರು.

ಮುಂದಿನ ಸಾಲಿನಲ್ಲಿ ದಾವಣಗೆರೆಯ ಸಾಹುಕಾರರ ಮನೆಯ ಹಿರಿಯಾಕೆಯೊಬ್ಬರು ಕೂತಿದ್ದರು. ಆ ಹಾಡನ್ನು ಕೇಳಿ ಅವರು ನನ್ನನ್ನು ಸೊಸೆ ಮಾಡಿಕೊಂಡರು. ಹೇಳಬೇಕಿತ್ತು — ಮದುವೆಗೆ ಮುಂಚೆಯೇ ಹೇಳಬೇಕಿತ್ತು. ಅಪ್ಪ ಬೇಡವೆಂದರು ಎಂದು ಈಗ ಬರೆಯಬಹುದು. ಆದರೆ ನಾನು ಅಪ್ಪನನ್ನು ಕೇಳಿಯೇ ಇರಲಿಲ್ಲ.

ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ಗಂಡನ ಮನೆ. ಮೊದಲ ಸೋಮವಾರ ಪೂಜೆಗೆ ಓಣಿಯ ಹೆಂಗಸರೆಲ್ಲ ಸೇರಿದ್ದರು. “ಸೊಸಿ ಹಾಡ್ತಾಳೆ, ಕೂಡ್ರಿ” ಎಂದರು ಅತ್ತೆ. ಆಗ ಬಾಯಿಂದ ಬಂದ ಮಾತು ಇದು: “ಹಾಡಂಗಿಲ್ರಿ ಅತ್ತೆ. ಹರಕೆ ಹೊತ್ತೀನಿ. ನನ್ನ ಕಂಠ ಹರಿಹರೇಶ್ವರಗೆ ಒಪ್ಪಿಸಿಬಿಟ್ಟೀನಿ.”

ಅತ್ತೆಯ ಕಣ್ಣು ತುಂಬಿತು. ನನ್ನ ಹಣೆಗೆ ತಾವೇ ವಿಭೂತಿ ಹಚ್ಚಿದರು. ಹೆಂಗಸರು ಕಾಲಿಗೆ ಬಿದ್ದರು. ಇಲ್ಲದ ಕಂಠವನ್ನು ದೇವರಿಗೆ ಕೊಟ್ಟವಳು ನಾನು.

ಆಮೇಲೆ ಬದುಕು ಚೆನ್ನಾಗಿಯೇ ನಡೆಯಿತು. ಎರಡು ಹೆರಿಗೆಯೂ ಸುಸೂತ್ರ. ಅಂಗಳದಲ್ಲೇ ನಲ್ಲಿ. ಗಂಡ ಒಂದು ದಿನವೂ ಏರುದನಿಯಲ್ಲಿ ಮಾತಾಡಿದವರಲ್ಲ. ಶಿವ ಕೊಟ್ಟದ್ದನ್ನು ಬೆಳಗಿನ ಪೂಜೆಯಲ್ಲಿ ಒಂದೊಂದಾಗಿ ನೆನೆಯುವುದು ನನ್ನ ರೂಢಿ. ನೆನೆಯುವಾಗಲೆಲ್ಲ — ಇದು ಅವನು ಕೊಟ್ಟದ್ದೋ, ಚೌಡಿಯಿಂದ ಕಸಿದದ್ದೋ...

ಒಂದು ಮಧ್ಯಾಹ್ನ ಚೌಡಿಯೇ ಬಾಗಿಲಿಗೆ ಬಂದಳು. ಜೊತೆಯಲ್ಲಿ ನಾಟಕ ಕಂಪನಿಯ ಮ್ಯಾನೇಜರು. ಕಂಪನಿ ದಾವಣಗೆರೆಯಲ್ಲಿ ಠಿಕಾಣಿ ಹೂಡಿತ್ತು. ಅವರಿಗೆ ಹಾಡುವ ಹೆಣ್ಣು ಬೇಕಿತ್ತು. ಚೌಡಿಯ ದನಿ ಕೇಳಿ ಮೆಚ್ಚಿದ್ದರು. ಮಾಲೀಕ ಮಾತ್ರ ಬಣ್ಣ ನೋಡಿ ಹಿಂಜರಿದಿದ್ದ. ತುಂಬಿದ ಸಭೆಯನ್ನು ಹಾಡಿನಿಂದ ಹಿಡಿದಿಟ್ಟವಳು ಎಂದು ಗೊತ್ತಾದರೆ ಒಪ್ಪುತ್ತಾನೆ ಎಂದು ಮ್ಯಾನೇಜರು ಹೇಳಿದಾಗ ಚೌಡಿ ಶಾಲೆಯ ನಾಟಕದ ಮಾತು ಎತ್ತಿದ್ದಳು.

“ಊರೆಲ್ಲ ಆ ಹಾಡು ನಿಮ್ದು ಅಂತೈತೆ ತಾಯಿ, ಈಕೆ ತನ್ದು ಅಂತಾಳೆ” ಎಂದರು ಮ್ಯಾನೇಜರು. “ಸುಳ್ಳು ಹೇಳೋಳನ್ನ ಸೇರಿಸ್ಕೊಂಡ್ರೆ ನಾಳೆ ನನ್ನ ಕುತ್ತಿಗೆಗೆ ಬರ್ತೈತೆ. ನೀವೇ ಹೇಳ್ರಿ.”

“ಒಂದು ಮಾತು ಹೇಳಿಬಿಡೇ ಶಾಂತಿ” ಎಂದಳು ಚೌಡಿ. ನಗುತ್ತಲೇ ಹೇಳಿದಳು. ನಾನು ಹೇಳುತ್ತೇನೆಂದು ಅವಳಿಗೆ ಅನುಮಾನವೇ ಇರಲಿಲ್ಲ.

ಅತ್ತೆ ನನ್ನ ಹಿಂದೆ ಬಂದು ನಿಂತಿದ್ದರು. ಅವರ ಸೀರೆಯ ಸದ್ದು ಕೇಳಿಸಿತು.

“ನಾನೇ ಹಾಡಿದ್ದು” ಎಂದೆ. “ಈಕೆ ಪರದೆ ಎಳೀತಿದ್ಲು.”

ಚೌಡಿ ನನ್ನನ್ನು ನೋಡಿದಳು. ಆಮೇಲೆ ಅತ್ತೆಯನ್ನು ನೋಡಿದಳು. ಅವಳಿಗೆ ಎಲ್ಲ ಅರ್ಥವಾಯಿತು — ನನ್ನ ಮನೆ, ನನ್ನ ಹೆದರಿಕೆ, ಎಲ್ಲ. ಅವಳು ಕೂಗಾಡಬಹುದಿತ್ತು. ಅಲ್ಲೇ ನಿಂತು ಹಾಡಿ, ನೀನೂ ಹಾಡು ನೋಡೋಣ ಎನ್ನಬಹುದಿತ್ತು...

“ಹೌದ್ರಿ ಅಮ್ಮಾರೆ, ಪರದೆ ಎಳೀತಿದ್ದೆ. ತಪ್ಪಾತು” ಎಂದು ಅತ್ತೆಗೆ ಕೈ ಮುಗಿದಳು. ಇಳಿದು ಹೋದಳು.

ಕಂಪನಿ ಬೇರೆ ಊರಿಗೆ ಹೋಯಿತು. ಚೌಡಿ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲಿನಲ್ಲಿ ಕೂಲಿಗೆ ಸೇರಿದಳೆಂದು ಕೇಳಿದೆ. ಹೋಗಿ ನೋಡಲಿಲ್ಲ. ಅತ್ತೆ ತೀರಿಕೊಂಡ ಮೇಲೆ, ಇನ್ನು ಹೆದರುವುದು ಯಾರಿಗೆ ಎನ್ನಿಸಿ, ಈಚೆಗೆ ಸಾರಥಿಗೆ ಹೋದೆ. ಹಿತ್ತಿಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಹತ್ತಿಯ ಧೂಳು ಎದೆಗೆ ಇಳಿದು, ಮಾತಿಗೊಂದು ಕೆಮ್ಮು. ಆ ದನಿ... ಇಲ್ಲ, ಅದು ಇರಲಿಲ್ಲ.

“ಊರಿಗೆಲ್ಲ ಹೇಳ್ತೀನಿ ಚೌಡಿ” ಎಂದೆ.

“ಈಗ ಯಾಕ್ರಿ ಅಮ್ಮಾರೆ” ಎಂದಳು. ನನಗೂ ಅಮ್ಮಾರೆ. “ಕೂಡ್ರಿ, ಚಾ ಕುಡೀರಿ.”

ಮುಂದಿನ ಸೋಮವಾರ ಪೂಜೆ ಮುಗಿದ ಮೇಲೆ ಗಂಡನನ್ನೂ ಕರೆದು ಕೂರಿಸಿ, ಓಣಿಯ ಹೆಂಗಸರ ಮುಂದೆ ನಡೆದದ್ದನ್ನೆಲ್ಲ ಹೇಳಿದೆ. ಒಂದನ್ನೂ ಬಿಡಲಿಲ್ಲ. ಎದುರುಮನೆಯಾಕೆ ಅಂದರು: “ಸಾರಥಿ ಕರಿ ಚೌಡಿನಾ? ಜಿನ್ನಿಗೆ ಹೋಗಾಕೀನಾ? ಆಕೆ ಹೆಂಗೆ ಹಾಡ್ಯಾಳು, ಬಿಡ್ರಿ!”

“ಅಯ್ಯ, ನಿಮಗೆ ತಿಳಿವಲ್ದಾ?” ಎಂದರು ಇನ್ನೊಬ್ಬರು. “ಕಂಠ ದೇವ್ರಿಗೆ ಕೊಟ್ರು, ಹೆಸರನ್ನ ಬಡವ್ರ ಮಗಳಿಗೆ ಕೊಡ್ತಿದ್ದಾರೆ. ಎಂಥ ದೊಡ್ಡ ಜೀವ!”

ನನ್ನ ಗಂಡನೂ ತಲೆಯಾಡಿಸಿದರು. ಒಬ್ಬಾಕೆ ಬಗ್ಗಿ ಕಾಲು ಮುಟ್ಟಲು ಬಂದಳು. ಕಾಲನ್ನು ಹಿಂದಕ್ಕೆ ಎಳೆದುಕೊಂಡೆ. ಅದನ್ನೂ ವಿನಯ ಎಂದರು.

ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ನನ್ನ ಮುಖ ಕಾಣದ, ಚೌಡಿಯ ಬಣ್ಣ ಕಾಣದ ನಿಮಗಾಗಿ. ಇದರಲ್ಲಿ ವಿನಯವಿಲ್ಲ, ದಾನವಿಲ್ಲ. ಅವತ್ತು ಹಾಡಿದವಳು ಸಾರಥಿಯ ಚೌಡಮ್ಮ. ನೀವಾದರೂ ನಂಬಿ.